ಸ್ನಾಯು ರೋಗಗಳ ಸಂಶೋಧನೆ: ಕೋಳಿಮನೆಯಿಂದ ಆಸ್ಪತ್ರೆಯವರೆಗೆ

ವ್ಯಾಪಾರದಲ್ಲಿ ನಗದು ಶಿಲ್ಕು ಕಡಿಮೆಯಾದಾಗ ಅದಕ್ಕೆ ಕಾರಣ ಒಂದೇ ಇರಬೇಕೆಂದಿಲ್ಲ. ಗಿರಾಕಿಗಳಿಂದ ಬಾಕಿ ವಸೂಲಾಗದಿರಬಹುದು, ದಾಸ್ತಾನಿನಲ್ಲಿ ಹಣ ಸಿಕ್ಕಿಕೊಂಡಿರಬಹುದು, ಇಲ್ಲವೇ ಮಾರಾಟದ ಬೆಲೆಯೇ ಅಸಲಿಗಿಂತ ಕಡಿಮೆಯಿರಬಹುದು. ಮೂರೂ ಸಂದರ್ಭಗಳಲ್ಲಿ ಕಾಣುವ ಲಕ್ಷಣ ಒಂದೇ. ಪರಿಹಾರ ಮಾತ್ರ ಬೇರೆ ಬೇರೆ. ಮನುಷ್ಯರಲ್ಲಿಯೂ ಸಾಕುಕೋಳಿಗಳಲ್ಲಿಯೂ ಕಂಡುಬರುವ ಸ್ನಾಯು ರೋಗಗಳ ಸಂಶೋಧನೆಯ ಇತಿಹಾಸವು ಇದೇ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಸಿದೆ.

ಕೋಳಿ ಉದ್ಯಮವು ಇಂದು ಸಾಕಾಣಿಕೆದಾರರಿಗೆ ಮಾತ್ರ ಸೀಮಿತವಾಗಿಲ್ಲ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ವರ್ತಕರು, ಕೋಳಿ ಆಹಾರದ ಗಿರಣಿಗಳು, ಪ್ರೀಮಿಕ್ಸ್ ಹಾಗೂ ಪಶು ಔಷಧಿಗಳ ವಿತರಕರು, ಮಾಂಸ ಸಂಸ್ಕರಣಾ ಘಟಕಗಳು, ಹೋಟೆಲು ಉದ್ಯಮಿಗಳು, ಎಲ್ಲರೂ ಈ ಸರಪಳಿಯ ಕೊಂಡಿಗಳೇ. ಆದುದರಿಂದ ಈ ವಿಷಯದ ಪರಿಚಯ ಉದ್ಯಮಿಗಳಿಗೆ ಉಪಯುಕ್ತವಾದೀತು.

ಮಗುವಿನ ರೋಗ

ಮನುಷ್ಯರ ಸ್ನಾಯುಕ್ಷಯ ರೋಗಗಳಲ್ಲಿ ಅತ್ಯಂತ ತೀವ್ರವಾದುವುಗಳಲ್ಲಿ ಒಂದು ಡುಶೆನ್ ಸ್ನಾಯುಕ್ಷಯ. 19ನೆಯ ಶತಮಾನದ ಫ್ರೆಂಚ್ ವೈದ್ಯ ಗಿಯೋಮ್ ಡುಶೆನ್ ಅವರ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಇದು ಬಹುಮಟ್ಟಿಗೆ ಗಂಡುಮಕ್ಕಳನ್ನು ಬಾಧಿಸುತ್ತದೆ. ಸುಮಾರು 3,500ರಿಂದ 5,000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ ಎಂದು ಅಂದಾಜಿಸಲಾಗಿದೆ. ಮೂರರಿಂದ ಐದು ವರ್ಷದ ವಯಸ್ಸಿನಲ್ಲಿ ಮಗು ಪದೇ ಪದೇ ಬೀಳತೊಡಗುತ್ತದೆ, ಮೆಟ್ಟಿಲು ಹತ್ತಲು ಕಷ್ಟಪಡುತ್ತದೆ. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿ ಮೇಲೇಳುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ಗಾಲಿಕುರ್ಚಿ ಅನಿವಾರ್ಯವಾಗುವುದು ಸಾಮಾನ್ಯ. ಮುಂದೆ ಹೃದಯ ಹಾಗೂ ಉಸಿರಾಟದ ಸ್ನಾಯುಗಳೂ ಸೋಲುತ್ತವೆ.

ಸ್ನಾಯುಗಳು ಹಾನಿಗೊಂಡಾಗ ಅವುಗಳೊಳಗಿನ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವವು ಸೋರಿ ರಕ್ತಕ್ಕೆ ಸೇರುತ್ತದೆ. ರಕ್ತಪರೀಕ್ಷೆಯಲ್ಲಿ ಇದರ ಪ್ರಮಾಣ ಏರಿದ್ದರೆ ಸ್ನಾಯು ಹಾನಿಯಾಗಿದೆಯೆಂಬ ಸೂಚನೆ ದೊರೆಯುತ್ತದೆ. ಆದರೆ ಹಾನಿ ಏಕಾಯಿತು ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ಡೇವಿಸ್‌ನ ಕೋಳಿಗಳು

ಆರೋಗ್ಯವಂತ ಕೋಳಿಯನ್ನು ಬೆನ್ನಿನ ಮೇಲೆ ಮಲಗಿಸಿದರೆ ಅದು ಕ್ಷಣಮಾತ್ರದಲ್ಲಿ ಹೊರಳಿ ಎದ್ದು ನಿಲ್ಲುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ನ್ಯೂ ಹ್ಯಾಂಪ್‌ಶೈರ್ ತಳಿಯ ಕೆಲವು ಕೋಳಿಗಳಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಅವುಗಳ ಎದೆಯ ಸ್ನಾಯುಗಳು ಕ್ರಮೇಣ ನಶಿಸಿ ಆ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತಿತ್ತು. ಅಸ್ಮಂಡ್ಸನ್ ಮತ್ತು ಜೂಲಿಯನ್ ಎಂಬ ವಿಜ್ಞಾನಿಗಳು 1956ರಲ್ಲಿ ಇದು ವಂಶಪಾರಂಪರ್ಯವಾಗಿ ಬರುವ ದೋಷವೆಂದು ಪ್ರಕಟಿಸಿದರು.

ಮನುಷ್ಯರ ರೋಗಕ್ಕೆ ಔಷಧಿ ಹುಡುಕುತ್ತಿದ್ದವರಿಗೆ ಇದು ವರದಾನವೆನಿಸಿತು. ಕೋಳಿ ಅಗ್ಗ, ಬೇಗ ಬೆಳೆಯುತ್ತದೆ, ಭ್ರೂಣದ ಹಂತದಿಂದಲೇ ಅಧ್ಯಯನ ಮಾಡಬಹುದು. ಸ್ನಾಯುವಿನ ನಾಶ, ಕೊಬ್ಬಿನ ಶೇಖರಣೆ, ಕ್ರಿಯಾಟಿನ್ ಕೈನೇಸ್ ಏರಿಕೆ, ಎಲ್ಲವೂ ಮಕ್ಕಳ ರೋಗವನ್ನು ಹೋಲುತ್ತಿದ್ದವು. ಕೋಳಿಗೆ ಔಷಧಿ ಕೊಟ್ಟು ಅದು ಬೆನ್ನಿನಿಂದ ಎಷ್ಟು ಬಾರಿ ಎದ್ದು ನಿಲ್ಲುವುದೆಂದು ಎಣಿಸುವುದೇ ಪರೀಕ್ಷೆಯ ಒಂದು ವಿಧಾನವಾಯಿತು. 1975ರಲ್ಲಿ ಪೆನಿಸಿಲಮೈನ್ ಎಂಬ ಔಷಧಿಯಿಂದ ರೋಗಗ್ರಸ್ತ ಕೋಳಿಗಳು ಗಮನಾರ್ಹವಾಗಿ ಸುಧಾರಿಸಿದವೆಂಬ ವರದಿ ಬಂದಿತು. ಅದೇ ಔಷಧಿಯನ್ನು ಡುಶೆನ್ ರೋಗದ ಮಕ್ಕಳ ಮೇಲೆ ನಿಯಂತ್ರಿತ ರೀತಿಯಲ್ಲಿ ಪ್ರಯೋಗಿಸಲಾಯಿತು. 1979ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪ್ರಯೋಜನವೇನೂ ಕಾಣಲಿಲ್ಲ. ಮುಂದೆ ವಿಟಮಿನ್ ಇ ಜೊತೆಗೆ ಸೇರಿಸಿ ಕೊಟ್ಟಾಗಲೂ ಅದೇ ನಿರಾಶೆ.

ಒಂದು ಎಚ್ಚರಿಕೆಯ ಗಂಟೆ ಮೊದಲಿನಿಂದಲೂ ಬಾರಿಸುತ್ತಲೇ ಇತ್ತು. ಡುಶೆನ್ ರೋಗವು ಲಿಂಗಸಂಬಂಧಿ ವರ್ಣತಂತುವಿನ ಮೂಲಕ ಬರುವಂಥದು. ಆದ್ದರಿಂದಲೇ ಅದು ಗಂಡುಮಕ್ಕಳಲ್ಲಿ ಹೆಚ್ಚು. ಕೋಳಿಗಳ ದೋಷವಾದರೋ ಹುಂಜ ಮತ್ತು ಹೇಂಟೆ ಎರಡಕ್ಕೂ ಸಮಾನವಾಗಿ ಬರುತ್ತಿತ್ತು. ಅಂತಿಮ ಮೊತ್ತ ತಾಳೆಯಾಗಿತ್ತು. ಮೂಲ ನಮೂದು ತಾಳೆಯಾಗಿರಲಿಲ್ಲ.

ಮೂಲ ನಮೂದಿನ ಪತ್ತೆ

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಲೂಯಿಸ್ ಕುಂಕೆಲ್ ಅವರ ತಂಡವು 1986-87ರಲ್ಲಿ ಡುಶೆನ್ ರೋಗಕ್ಕೆ ಕಾರಣವಾದ ವಂಶವಾಹಿಯನ್ನೂ ಅದರಿಂದ ತಯಾರಾಗುವ ಪ್ರೋಟೀನನ್ನೂ ಗುರುತಿಸಿತು. ಈ ಪ್ರೋಟೀನಿಗೆ ಡಿಸ್ಟ್ರೋಫಿನ್ ಎಂದು ಹೆಸರಿಡಲಾಯಿತು. ಸ್ನಾಯುಕೋಶವು ಸಂಕುಚಿಸಿ ವಿಕಸಿಸುವಾಗ ಅದರ ಹೊರಪೊರೆ ಹರಿಯದಂತೆ ಕಾಪಾಡುವುದು ಇದರ ಕೆಲಸ. ಇದು ಇಲ್ಲವಾದಾಗ ಪೊರೆ ಹರಿದು ಕೋಶ ಸಾಯುತ್ತದೆ. ಡೇವಿಸ್‌ನ ಕೋಳಿಗಳಲ್ಲಿ ಡಿಸ್ಟ್ರೋಫಿನ್ ಕೊರತೆ ಇರಲಿಲ್ಲ. ಅಂದರೆ ಮೂರು ದಶಕಗಳ ಕಾಲ ಡುಶೆನ್ ಔಷಧಿಗಳನ್ನು ಪರೀಕ್ಷಿಸಲು ಬಳಸಿದ ಕೋಳಿಗೆ ಡುಶೆನ್ ರೋಗವೇ ಇರಲಿಲ್ಲ.

ಕೋಳಿಗಳ ದೋಷ ಎಲ್ಲಿದೆಯೆಂಬುದನ್ನು ಜಪಾನಿನ ಸಂಶೋಧಕರು 2008ರಲ್ಲಿ ಪತ್ತೆಹಚ್ಚಿದರು. ಅದು ಡಬ್ಲ್ಯೂಡಬ್ಲ್ಯೂಪಿ1 ಎಂಬ ಬೇರೊಂದು ವಂಶವಾಹಿ. ಕೋಶದೊಳಗಿನ ಯಾವ ಪ್ರೋಟೀನನ್ನು ವಿಲೇವಾರಿ ಮಾಡಬೇಕೆಂದು ಗುರುತು ಹಚ್ಚುವ ವ್ಯವಸ್ಥೆಗೆ ಇದು ಸೇರಿದೆ. ಮನುಷ್ಯರಲ್ಲಿಯೂ ಇದೇ ವ್ಯವಸ್ಥೆಗೆ ಸೇರಿದ ಟ್ರಿಮ್32 ಎಂಬ ವಂಶವಾಹಿಯ ದೋಷದಿಂದ ಸೊಂಟ ಮತ್ತು ಭುಜದ ಸ್ನಾಯುಗಳು ಕ್ಷೀಣಿಸುವ ರೋಗ ಬರುತ್ತದೆಂದು 2002ರಲ್ಲಿ ತಿಳಿದುಬಂದಿತ್ತು. ಆದುದರಿಂದ ಕೋಳಿಗಳ ಮೇಲಿನ ಶ್ರಮ ಪೂರ್ತಿ ವ್ಯರ್ಥವಾಯಿತೆನ್ನಲಾಗದು. ಅದನ್ನು ತಪ್ಪು ಖಾತೆಗೆ ಜಮಾ ಮಾಡಲಾಗಿತ್ತು, ಅಷ್ಟೆ.

ಆಹಾರ ಮತ್ತು ಔಷಧಿಯಿಂದ ಬರುವ ಹಾನಿ

ಕೋಳಿಯ ಸ್ನಾಯು ರೋಗಗಳೆಲ್ಲವೂ ಹುಟ್ಟಿನಿಂದ ಬಂದವಲ್ಲ. ಆಹಾರದಲ್ಲಿ ವಿಟಮಿನ್ ಇ ಮತ್ತು ಗಂಧಕಯುಕ್ತ ಅಮೈನೊ ಆಮ್ಲಗಳು ಎರಡೂ ಕೊರತೆಯಾದಾಗ ಮರಿಗಳ ಎದೆಯ ಸ್ನಾಯುವಿನಲ್ಲಿ ಬಿಳಿಯ ಗೆರೆಗಳು ಮೂಡುತ್ತವೆ. ಕೊರತೆಯನ್ನು ಸಕಾಲದಲ್ಲಿ ತುಂಬಿದರೆ ಹಾನಿಯನ್ನು ತಡೆಯಬಹುದು. ಇದೇ ಆಶಯದಿಂದ 1940ರ ದಶಕದಲ್ಲಿ ಸ್ನಾಯುಕ್ಷಯದ ರೋಗಿಗಳಿಗೂ ವಿಟಮಿನ್ ಇ ಕೊಟ್ಟು ನೋಡಲಾಯಿತು, ಗುಣ ಕಾಣಲಿಲ್ಲ. ಅವರ ದೇಹದಲ್ಲಿ ಕೊರತೆಯಿದ್ದುದು ವಿಟಮಿನ್ ಅಲ್ಲ.

ಆಹಾರ ತಯಾರಕರು ವಿಶೇಷವಾಗಿ ಗಮನಿಸಬೇಕಾದುದು ಕಾಕ್ಸಿಡಿಯೋಸಿಸ್ ತಡೆಗಟ್ಟಲು ಬೆರೆಸುವ ಮೊನೆನ್ಸಿನ್, ಸಲಿನೋಮೈಸಿನ್ ಮೊದಲಾದ ಔಷಧಿಗಳನ್ನು. ಇವುಗಳ ಸುರಕ್ಷಿತ ಪ್ರಮಾಣಕ್ಕೂ ವಿಷಕಾರಿ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ತೂಕದಲ್ಲಿ ತಪ್ಪಾದರೆ ಅಥವಾ ಮಿಶ್ರಣ ಸಮನಾಗದಿದ್ದರೆ ಕೋಳಿಗಳ ಸ್ನಾಯುಗಳೇ ನಾಶವಾಗಿ ಕಾಲು ಸೋತು ಬೀಳುತ್ತವೆ. ಟಿಯಾಮುಲಿನ್ ಎಂಬ ಔಷಧಿಯನ್ನು ಇವುಗಳ ಜೊತೆಯಲ್ಲಿ ಕೊಟ್ಟರಂತೂ ಯಕೃತ್ತು ಮೊನೆನ್ಸಿನ್ನನ್ನು ಕರಗಿಸಲಾಗದೆ, ಸರಿಯಾದ ಪ್ರಮಾಣವೂ ವಿಷವಾಗುತ್ತದೆ. ಕುದುರೆಗಳಿಗೆ ಮೊನೆನ್ಸಿನ್ ಬೆರೆಸಿದ ಆಹಾರ ಸ್ವಲ್ಪವೇ ಆದರೂ ಮಾರಕ.

ಮನುಷ್ಯರಲ್ಲಿ ಇದಕ್ಕೆ ಸಮಾನವಾದ ಉದಾಹರಣೆಯಿದೆ. ಕೊಲೆಸ್ಟರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಔಷಧಿಗಳು ಕೆಲವರಲ್ಲಿ ಸ್ನಾಯುನೋವು, ಅಪರೂಪಕ್ಕೆ ತೀವ್ರ ಸ್ನಾಯುನಾಶ ಉಂಟುಮಾಡುತ್ತವೆ. ದೇಹವು ಸ್ಟ್ಯಾಟಿನ್ನನ್ನು ವಿಲೇವಾರಿ ಮಾಡದಂತೆ ತಡೆಯುವ ಬೇರೆ ಔಷಧಿ ಸೇರಿದಾಗ ಅಪಾಯ ಹೆಚ್ಚುತ್ತದೆ. ಸೆರಿವಾಸ್ಟ್ಯಾಟಿನ್ ಎಂಬ ಔಷಧಿಯನ್ನು ಇಂಥ ಸಾವುಗಳ ಕಾರಣದಿಂದ 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಇಲ್ಲಿ ಮಾತ್ರ ಕೋಳಿಯ ಮತ್ತು ಮನುಷ್ಯನ ಲೆಕ್ಕಗಳು ಮೂಲದಲ್ಲಿಯೂ ತಾಳೆಯಾಗುತ್ತವೆ.

ವೇಗದ ಬೆಳವಣಿಗೆಯ ಬೆಲೆ

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯವು 1957, 1978 ಮತ್ತು 2005ರ ಮಾಂಸದ ಕೋಳಿ ತಳಿಗಳನ್ನು ಒಂದೇ ಬಗೆಯ ಆಹಾರ ಕೊಟ್ಟು ಬೆಳೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. 56 ದಿನಗಳಲ್ಲಿ ಅವುಗಳ ಸರಾಸರಿ ತೂಕ ಕ್ರಮವಾಗಿ 905 ಗ್ರಾಂ, 1,808 ಗ್ರಾಂ ಮತ್ತು 4,202 ಗ್ರಾಂ. ಉದ್ಯಮದ ದೃಷ್ಟಿಯಿಂದ ಇದು ಅಸಾಧಾರಣ ಸಾಧನೆ. ಆದರೆ ಈ ಲಾಭದ ಎದುರಿಗೆ ಒಂದು ಖರ್ಚು ಕಾಣಿಸಿಕೊಂಡಿದೆ.

ಮೊದಲನೆಯದು ಎದೆಯ ಒಳಸ್ನಾಯುವಿನ ರೋಗ. ರೆಕ್ಕೆಯನ್ನು ಎತ್ತುವ ಈ ಸ್ನಾಯು ಎದೆಮೂಳೆಗೂ ಹಿಗ್ಗದ ಪೊರೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಗಾಬರಿಯಿಂದ ಕೋಳಿ ರೆಕ್ಕೆ ಬಡಿದಾಗ ಅದು ಊದಿಕೊಂಡು, ಜಾಗವಿಲ್ಲದೆ ತನ್ನ ರಕ್ತಸಂಚಾರವನ್ನು ತಾನೇ ಅದುಮಿಕೊಂಡು ಸಾಯುತ್ತದೆ. ಮಾಂಸ ಹಸಿರು ಬಣ್ಣಕ್ಕೆ ತಿರುಗುತ್ತದೆ. ಹೊರಗಿನಿಂದ ಏನೂ ತಿಳಿಯದು. ಕತ್ತರಿಸಿದಾಗಲೇ ನಷ್ಟ ಬೆಳಕಿಗೆ ಬರುವುದು.

ಎರಡನೆಯದು ‘ವುಡನ್ ಬ್ರೆಸ್ಟ್’, ಅಂದರೆ ಮರದಂತೆ ಗಡಸಾದ ಎದೆ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು 2014ರಲ್ಲಿ ವಿವರವಾಗಿ ದಾಖಲಿಸಿದರು. ಎದೆಯ ಸ್ನಾಯು ಬೆಳೆದಷ್ಟು ವೇಗವಾಗಿ ಅದಕ್ಕೆ ಆಮ್ಲಜನಕ ಒಯ್ಯುವ ಸೂಕ್ಷ್ಮ ರಕ್ತನಾಳಗಳು ಬೆಳೆಯುವುದಿಲ್ಲ. ಸತ್ತ ಸ್ನಾಯುತಂತುಗಳ ಜಾಗದಲ್ಲಿ ನಾರಿನಂಥ ಅಂಗಾಂಶ ಹಾಗೂ ಕೊಬ್ಬು ಬೆಳೆಯುತ್ತವೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಮನುಷ್ಯರ ಮಧುಮೇಹದ ತೊಡಕುಗಳಿಗೆ ಹೋಲಿಸಿ, ಸಕ್ಕರೆ ಮತ್ತು ಕೊಬ್ಬಿನ ಬಳಕೆಯಲ್ಲಿನ ಏರುಪೇರೇ ಮೂಲವಿರಬಹುದೆಂಬ ವಾದವನ್ನು ಮಂಡಿಸಿದರು. ಇದು ಸೋಂಕು ರೋಗವಲ್ಲ. ಇಂಥ ಮಾಂಸ ತಿಂದವರಿಗೆ ಸ್ನಾಯು ರೋಗ ಬರುವುದೂ ಇಲ್ಲ. ಆದರೆ ಮಾಂಸ ಗಟ್ಟಿಯಾಗಿ ಮಸಾಲೆ ಹೀರದೆ, ನೀರು ಬಿಟ್ಟುಕೊಂಡು ಕೆಳದರ್ಜೆಗೆ ಇಳಿಯುತ್ತದೆ. ಈ ಬಗೆಯ ಎದೆಮಾಂಸದ ದೋಷಗಳಿಂದ ಅಮೆರಿಕದ ಉದ್ಯಮಕ್ಕೆ ವರ್ಷಕ್ಕೆ 20 ಕೋಟಿ ಡಾಲರಿಗೂ ಹೆಚ್ಚು ನಷ್ಟವೆಂದು 2016ರ ಒಂದು ಅಂದಾಜು ತಿಳಿಸುತ್ತದೆ.

ಭಾರತದಲ್ಲಿ ಕೋಳಿಗಳು ಬಹುಪಾಲು ಜೀವಂತವಾಗಿಯೇ, ಕಡಿಮೆ ತೂಕದಲ್ಲಿಯೇ ಮಾರಾಟವಾಗುತ್ತವೆ. ಈ ದೋಷವಾದರೋ ಹೆಚ್ಚು ತೂಕದ ಕೋಳಿಗಳಲ್ಲಿಯೇ ಅಧಿಕ. ಮೂಳೆರಹಿತ ಎದೆಮಾಂಸದ ವ್ಯಾಪಾರ ಬೆಳೆದು, ಅದಕ್ಕಾಗಿ ಕೋಳಿಯನ್ನು ಹೆಚ್ಚು ದಿನ ಬೆಳೆಸಿದಷ್ಟೂ ಇಲ್ಲಿಯೂ ಈ ಖರ್ಚು ಲೆಕ್ಕಕ್ಕೆ ಬರುತ್ತದೆ.

ಚಿಕಿತ್ಸೆಯ ವೆಚ್ಚ

ಡುಶೆನ್ ರೋಗದಲ್ಲಿ ಸ್ಟೀರಾಯ್ಡ್ ಔಷಧಿಯಿಂದ ಸ್ನಾಯುಬಲ ಹೆಚ್ಚುವುದೆಂದು 1989ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗವು ತೋರಿಸಿತು. ಇಂದಿಗೂ ಚಿಕಿತ್ಸೆಯ ಆಧಾರ ಅದೇ. ರೋಗ ವಾಸಿಯಾಗದಿದ್ದರೂ ನಡೆಯುವ ವರ್ಷಗಳು ಹೆಚ್ಚುತ್ತವೆ. ಮೂಲ ಕಾರಣಕ್ಕೇ ಕೈಹಾಕುವ ವಂಶವಾಹಿ ಚಿಕಿತ್ಸೆಗೆ ಅಮೆರಿಕವು 2023ರಲ್ಲಿ ಒಪ್ಪಿಗೆ ನೀಡಿತು. ಎಲಿವಿಡಿಸ್ ಎಂಬ ಆ ಔಷಧಿಗೆ ಪ್ರತಿ ರೋಗಿಗೆ 32 ಲಕ್ಷ ಡಾಲರ್ ಬೆಲೆ ನಿಗದಿಯಾಯಿತು. ಯಕೃತ್ತಿನ ವೈಫಲ್ಯದಿಂದ ಸಾವುಗಳು ಸಂಭವಿಸಿದ ಮೇಲೆ 2025ರಲ್ಲಿ ಅದರ ಬಳಕೆಯನ್ನು ನಡೆಯಬಲ್ಲ ರೋಗಿಗಳಿಗೆ ಸೀಮಿತಗೊಳಿಸಲಾಯಿತು. ಮೂಲ ತಿಳಿದೊಡನೆ ಪರಿಹಾರ ಕೈಗೆ ಸಿಕ್ಕಿತೆಂದಲ್ಲ. ಹುಡುಕಾಟ ಸರಿದಾರಿಗೆ ಬಂದಿತೆಂದಷ್ಟೇ ಅರ್ಥ.

ನಮ್ಮ ದೇಶದ 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಡುಶೆನ್ ಸೇರಿದೆ. ಗೊತ್ತುಪಡಿಸಿದ ಕೇಂದ್ರಗಳಲ್ಲಿ ಚಿಕಿತ್ಸೆಗೆ ನೀಡುವ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧಿಗಳಿಗೆ 2023ರ ಏಪ್ರಿಲ್ 1ರಿಂದ ಮೂಲ ಸೀಮಾಸುಂಕದ ವಿನಾಯಿತಿ ದೊರೆಯಿತು. ಇದಕ್ಕೆ ನಿಗದಿತ ಆರೋಗ್ಯಾಧಿಕಾರಿಯ ಪ್ರಮಾಣಪತ್ರ ಅಗತ್ಯ. ಕುಟುಂಬದಲ್ಲಾಗಲಿ ನೌಕರರ ಮನೆಯಲ್ಲಾಗಲಿ ಇಂಥ ಮಗುವಿದ್ದರೆ, ಔಷಧಿ ತರಿಸುವ ಮೊದಲೇ ಈ ಪ್ರಮಾಣಪತ್ರ ಪಡೆಯುವುದು ಲೇಸು. ಸುಮಾರು ಮೂರನೆಯ ಒಂದು ಭಾಗದ ಪ್ರಕರಣಗಳಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ರೋಗವಿರುವುದಿಲ್ಲ. ಆದುದರಿಂದ ತಾಯಿಯನ್ನು ದೂಷಿಸುವುದಕ್ಕಿಂತ ವಂಶವಾಹಿ ಪರೀಕ್ಷೆ ಮಾಡಿಸುವುದು ವಿವೇಕ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಕೋಳಿಯ ಸ್ನಾಯುಬಲ ಹೆಚ್ಚಿಸುವುದೆಂದು ಯಾವುದೇ ಪೂರಕವನ್ನು ಮಾರಲು ಬಂದಾಗ, ಪ್ರಯೋಗ ನಡೆದ ಕೋಳಿಗಳಲ್ಲಿ ಸ್ನಾಯುಹಾನಿಗೆ ಕಾರಣವೇನಿತ್ತೆಂದು ಮೊದಲು ಕೇಳಬೇಕು. ವಿಟಮಿನ್ ಕೊರತೆಯಿದ್ದ ಹಿಂಡಿನಲ್ಲಿ ಫಲಿಸಿದ್ದು, ವೇಗದ ಬೆಳವಣಿಗೆಯಿಂದ ಗಡಸಾದ ಎದೆಗೆ ಫಲಿಸಬೇಕೆಂದಿಲ್ಲ.

2. ಆಹಾರ ಗಿರಣಿಗಳು ಮೊನೆನ್ಸಿನ್ ವರ್ಗದ ಔಷಧಿಗಳ ತೂಕವನ್ನು ಬ್ಯಾಚುವಾರು ದಾಖಲಿಸಿ, ಪ್ರತಿ ಬ್ಯಾಚಿನ ಮಾದರಿಯನ್ನು ತೆಗೆದಿರಿಸಬೇಕು. ಆಹಾರದಲ್ಲಿ ಏನು ಬೆರೆತಿದೆಯೆಂಬುದು ಚೀಲದ ಮೇಲೆ ಸ್ಪಷ್ಟವಾಗಿರಬೇಕು. ಟಿಯಾಮುಲಿನ್ ಕೊಡುವ ಮೊದಲು ಪಶುವೈದ್ಯರು ಅದನ್ನು ನೋಡುವಂತಿರಬೇಕು.

3. ಸಂಸ್ಕರಣಾ ಘಟಕಗಳು ಗಡಸು ಮಾಂಸ, ಹಸಿರು ಮಾಂಸ ಮತ್ತು ಬಿಳಿ ಗೆರೆಗಳನ್ನು ಒಂದೇ ‘ತಿರಸ್ಕೃತ’ ಶೀರ್ಷಿಕೆಯಡಿ ಸೇರಿಸಬಾರದು. ಮೊದಲನೆಯದಕ್ಕೆ ತಳಿ ಮತ್ತು ತೂಕವನ್ನು, ಎರಡನೆಯದಕ್ಕೆ ಕೋಳಿಗಳನ್ನು ಹಿಡಿದು ಸಾಗಿಸಿದ ರೀತಿಯನ್ನು ನೋಡಬೇಕಾಗುತ್ತದೆ. ಬಿಳಿ ಗೆರೆಗಳಿಗಾದರೆ ಆಹಾರ ಹಾಗೂ ಬೆಳವಣಿಗೆ ಎರಡನ್ನೂ ಪರಿಶೀಲಿಸಬೇಕು.

4. ಬೆಳವಣಿಗೆಯ ವೇಗವನ್ನು ಸ್ವಲ್ಪ ತಗ್ಗಿಸಿದರೆ ಗಡಸು ಎದೆಯ ಪ್ರಮಾಣ ಇಳಿಯುತ್ತದೆ. ಆದರೆ ಆಹಾರದ ಖರ್ಚು ಮತ್ತು ದಿನಗಳು ಹೆಚ್ಚುತ್ತವೆ. ಇದನ್ನು ಕೋಳಿಯ ತೂಕದಿಂದಲ್ಲ, ಮಾರಾಟವಾದ ಉತ್ತಮ ಮಾಂಸದ ನಿವ್ವಳ ಆದಾಯದಿಂದ ಅಳೆಯಬೇಕು.

ಲಕ್ಷಣ ಕಂಡೊಡನೆ ಪರಿಹಾರ ಕೊಂಡುಕೊಳ್ಳುವುದು ಸುಲಭ. ಕಾರಣ ಹುಡುಕಲು ಕಾಲ ಬೇಕು, ತಾಳ್ಮೆ ಬೇಕು. ಕೋಳಿಯನ್ನು ಎಬ್ಬಿಸಿ ನಿಲ್ಲಿಸಿದ ಔಷಧಿ ಮಗುವನ್ನು ನಡೆಸಲಿಲ್ಲ. ಔಷಧಿಯದಾಗಲಿ, ಪ್ರೀಮಿಕ್ಸ್‌ನದಾಗಲಿ, ಆ ಬೆಲೆಪಟ್ಟಿಗೆ ಸಹಿ ಮಾಡುವ ಮೊದಲು ಮೂಲ ನಮೂದು ತಾಳೆಯಾಗಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.