ಗ್ರಿಲ್ ಕೊಳ್ಳುವ ಮುನ್ನ ಗ್ಯಾಸ್ ಯಾವುದೆಂದು ನೋಡಿ

ಬಕ್ರೀದ್ ಬಂತೆಂದರೆ ಮನೆಮಂದಿಯೆಲ್ಲ ಸೇರಿ ಮಾಂಸ ಸುಟ್ಟು ತಿನ್ನುವ ಸಂಭ್ರಮ. ಇದ್ದಿಲಿನ ಒಲೆಯ ಜಾಗಕ್ಕೆ ಈಗ ಹಲವು ಮನೆಗಳ ಅಂಗಳದಲ್ಲಿ, ತಾರಸಿಯಲ್ಲಿ ಗ್ಯಾಸ್ ಗ್ರಿಲ್ ಬರುತ್ತಿದೆ. ಇದರಲ್ಲಿ ಕಣ್ಣುರಿಸುವ ಹೊಗೆ ಕಡಿಮೆ, ಉರಿಯೂ ನಮ್ಮ ಹಿಡಿತದಲ್ಲಿರುತ್ತದೆ. ಬೆಂಗಳೂರಿನ ಅನೇಕ ಬಡಾವಣೆಗಳ ಅಡುಗೆಮನೆಗೆ ಪೈಪ್ ಗ್ಯಾಸ್ ಬಂದಿದೆ. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಅನಿಲ ಕೊಳವೆ ಮಾರ್ಗವೂ ಉದ್ಘಾಟನೆಯಾಗಿದೆ. ಹಾಗಾದರೆ ಗ್ರಿಲ್ಲನ್ನೂ ಈ ಪೈಪಿಗೇ ಜೋಡಿಸಬಹುದೇ? ಜೋಡಿಸಬಹುದು. ಆದರೆ ಅಂಗಡಿಯಲ್ಲಿ ಅಂದಚಂದ ನೋಡುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಎರಡು ಗ್ಯಾಸ್, ಎರಡು ಗುಣ

ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ. ಅದರಲ್ಲಿ ಹೆಚ್ಚಿನ ಪಾಲು ಮೀಥೇನ್. ಸಿಲಿಂಡರಿನಲ್ಲಿರುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಒಂದೇ ಅಳತೆಯ ಅನಿಲವನ್ನು ಉರಿಸಿದರೆ ನೈಸರ್ಗಿಕ ಅನಿಲದಿಂದ ಸಿಗುವ ಶಾಖ ಎಲ್‌ಪಿಜಿಯ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಪೈಪ್ ಗ್ಯಾಸಿನ ಗ್ರಿಲ್ಲಿನಲ್ಲಿ ಜೆಟ್ಟಿನ ರಂಧ್ರ ದೊಡ್ಡದಿರುತ್ತದೆ. ಎಲ್‌ಪಿಜಿ ಗ್ರಿಲ್ಲನ್ನು ಪೈಪಿಗೆ ಹಾಕಿದರೆ ಉರಿ ಸಾಲದು. ಪೈಪ್ ಗ್ಯಾಸಿನ ಗ್ರಿಲ್ಲನ್ನು ಸಿಲಿಂಡರಿಗೆ ಹಾಕಿದರೆ ಹಳದಿ ಜ್ವಾಲೆ ಭುಗಿಲೇಳುತ್ತದೆ. ಅದು ಅಪಾಯಕ್ಕೆ ಆಹ್ವಾನ.

ಅಂಗಡಿಗಳಲ್ಲಿರುವ ಅನೇಕ ಗ್ರಿಲ್‌ಗಳು ಸಿಲಿಂಡರಿಗೆಂದೇ ಮಾಡಿದವು. ಕೊಲ್ಲಿಯಿಂದ ಬರುವ ಬಂಧುಗಳು ತಂದು ಕೊಟ್ಟದ್ದಾದರೂ ಅಷ್ಟೇ, ಗ್ರಿಲ್ಲಿಗೆ ಅಂಟಿಸಿದ ಫಲಕದಲ್ಲಿ ಯಾವ ಗ್ಯಾಸ್, ಎಷ್ಟು ಒತ್ತಡ ಎಂದು ಓದಿ ನೋಡಿ. ಬದಲಾಯಿಸಲು ಸಾಧ್ಯವಿದ್ದರೆ ತಯಾರಕರದ್ದೇ ಬಿಡಿಭಾಗ ಬೇಕು. ಜೆಟ್ ಕೊರೆದು ದೊಡ್ಡದು ಮಾಡಿಕೊಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ.

ಕೊಳ್ಳುವಾಗ ನೋಡಬೇಕಾದದ್ದು

* ಗಾತ್ರ: ಐದಾರು ಜನರ ಮನೆಗೆ ಎರಡು ಅಥವಾ ಮೂರು ಬರ್ನರ್ ಸಾಕು. ಒಂದನ್ನು ಆರಿಸಿಟ್ಟರೆ ಆ ಬದಿಯಲ್ಲಿ ದಪ್ಪ ತುಂಡುಗಳು ಸೀದು ಹೋಗದೆ ನಿಧಾನವಾಗಿ ಬೇಯುತ್ತವೆ. ವರ್ಷಕ್ಕೆರಡು ಸಲದ ಬಳಕೆಗೆ ಆರು ಬರ್ನರಿನ ಗ್ರಿಲ್ ಬರೀ ದುಂದು.

* ಬಳಕೆ: 9 ಕಿಲೋವ್ಯಾಟ್ ಗ್ರಿಲ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 0.9 ಘನ ಮೀಟರ್ ಅನಿಲ ನುಂಗುತ್ತದೆ. ನಿಮ್ಮ ಮೀಟರು ಒಲೆ, ಗ್ರಿಲ್ ಎರಡನ್ನೂ ತಾಳುತ್ತದೆಯೇ ಎಂದು ಗ್ಯಾಸ್ ಕಂಪೆನಿಯವರನ್ನು ಕೇಳಿ.

* ಲೋಹ: ಬೀಡು ಕಬ್ಬಿಣದ ಸರಳು ಶಾಖ ಚೆನ್ನಾಗಿ ಹಿಡಿಯುತ್ತದೆ, ಆದರೆ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲ್ ಮೇಲು.

* ಕೊಬ್ಬಿನ ತಟ್ಟೆ: ತೊಟ್ಟಿಕ್ಕುವ ಕೊಬ್ಬು ಬೆಂಕಿ ಹಿಡಿಯುತ್ತದೆ. ತಟ್ಟೆಯನ್ನು ಸುಲಭವಾಗಿ ಎಳೆದು ತೊಳೆಯುವಂತಿರಬೇಕು.

ಎಲ್ಲಿಡಬೇಕು?

ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಸೋರಿದರೆ ಮೇಲೇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಅದು ನೆಲದಲ್ಲಿ ಮಡುಗಟ್ಟುತ್ತದೆ. ಹಗುರವೆಂದು ಪೈಪ್ ಗ್ಯಾಸಿನ ಗ್ರಿಲ್ಲನ್ನು ಗಾಜು ಮುಚ್ಚಿದ ಬಾಲ್ಕನಿಯಲ್ಲೋ ಶೀಟು ಹೊದಿಸಿದ ಮೂಲೆಯಲ್ಲೋ ಇಡಬಾರದು. ಗ್ಯಾಸ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಕೂಡ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ರಿಲ್ ತೆರೆದ ಜಾಗದಲ್ಲಿರಲಿ. ಅಲ್ಲಿಗೆ ಪೈಪ್ ಎಳೆಯುವ ಕೆಲಸ ಗ್ಯಾಸ್ ಕಂಪೆನಿಯ ಅಧಿಕೃತ ಕೆಲಸಗಾರರದ್ದೇ ಆಗಲಿ. ಗ್ರಿಲ್ಲಿನ ಪಕ್ಕದಲ್ಲೇ ಪ್ರತ್ಯೇಕ ವಾಲ್ವ್ ಹಾಕಿಸಿಕೊಳ್ಳಿ.

ಜೋಡಣೆಗೆ ಸಾಬೂನು ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿ ಹಿಡಿದು ಪರೀಕ್ಷಿಸಲೇಬಾರದು. ಮುಚ್ಚಳ ತೆರೆದಿಟ್ಟೇ ಹೊತ್ತಿಸಿ. ಗ್ರಿಲ್ಲಿನ ಮುಂದೆ ನಿಲ್ಲುವಾಗ ಸಡಿಲ ತೋಳು, ಇಳಿಬಿದ್ದ ದುಪಟ್ಟಾ ಬೇಡ. ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಳ್ಳಿ, ಹತ್ತಿ ಬಟ್ಟೆಯಾದರೆ ಒಳ್ಳೆಯದು. ಮಕ್ಕಳನ್ನು ದೂರವಿಡಿ. ಕೋಳಿ ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲಪಬೇಕು. ಮೇಲೆ ಕಪ್ಪಾದ ಮಾತ್ರಕ್ಕೆ ಒಳಗೆ ಬೆಂದಿದೆ ಎನ್ನಲಾಗದು.

ಬೆಂಕಿಯ ವಿಷಯದಲ್ಲಿ ಎಚ್ಚರವೂ ನಮ್ಮ ದೀನಿನ ಪಾಠವೇ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಜನರ ಸಮೇತ ಸುಟ್ಟುಹೋದ ಸುದ್ದಿ ತಿಳಿದಾಗ, ಬೆಂಕಿಯು ಮನುಷ್ಯನಿಗೆ ಶತ್ರುವೆಂದೂ ಮಲಗುವ ಮುನ್ನ ಅದನ್ನು ಆರಿಸಬೇಕೆಂದೂ ಪ್ರವಾದಿ(ಸ) ಕಲಿಸಿದರು. ನಮ್ಮ ಕಾಲದಲ್ಲಿ ಇದರರ್ಥ, ಗುಬ್ಬಿ ತಿರುಗಿಸಿದರೆ ಸಾಲದು, ವಾಲ್ವನ್ನೂ ಮುಚ್ಚಬೇಕು.

ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡಬೇಕೆಂಬುದು ಕೂಡಾ ಪ್ರವಾದಿ(ಸ)ರ ಬೋಧನೆ. ತಾರಸಿಯಲ್ಲಿ ಸುಡುವ ಮಾಂಸದ ಘಮ ನೆರೆಮನೆಗೆ ಹೇಗೂ ತಲಪುತ್ತದೆ. ಅದರ ಹಿಂದೆಯೇ ಒಂದು ತಟ್ಟೆ ಕಬಾಬೂ ತಲಪಲಿ.