ದ್ವಾರಸಮುದ್ರದವರಿಗೆ ಯಾವ ಸಮುದ್ರ?

ಹಳೇಬೀಡಿಗೆ ಹೋದಾಗಲೆಲ್ಲ ನನ್ನ ಮಗನದು ಒಂದೇ ಪ್ರಶ್ನೆ. ‘ಅಮ್ಮಾ, ಈ ಊರಿನ ಹಳೇ ಹೆಸರು ದ್ವಾರಸಮುದ್ರ ಅಂತಾರಲ್ಲ, ಹಾಗಾದ್ರೆ ಸಮುದ್ರ ಎಲ್ಲಿ?’ ದೇವಸ್ಥಾನದ ಹತ್ತಿರದ ದೊಡ್ಡ ಕೆರೆ ತೋರಿಸಿ ‘ಇದೇ ಕಣೋ’ ಅಂದರೆ ಅವನ ಮುಖ ಸಪ್ಪಗಾಗುತ್ತದೆ. ಪಾಪ, ಬಯಲುಸೀಮೆಯ ಮಕ್ಕಳು! ನಮ್ಮೂರು ಅರಸೀಕೆರೆಯ ಹೆಸರಿನಲ್ಲೂ ಇರೋದು ಕೆರೆಯೇ. ಬೇಸಿಗೆ ಬಂತೆಂದರೆ ಆ ಕೆರೆಯಲ್ಲೂ ನೀರು ಹುಡುಕಬೇಕು.

ಹೋದ ವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ನಾದಿನಿ ಮೊಬೈಲಿಗೆ ಒಂದಿಷ್ಟು ಫೋಟೊ ಕಳಿಸಿದಳು. ಅವಳ ಆಫೀಸಿನ ಗೆಳತಿ ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿದ್ದಳಂತೆ. ಬೆಟ್ಟದ ಮೇಲೆ ಸುಣ್ಣ ಬಳಿದ ಬಿಳೀ ಮನೆಗಳು, ನೀಲಿ ಗುಮ್ಮಟ, ಕೆಳಗೆ ಕಡುನೀಲಿ ಸಮುದ್ರ. ‘ಅಲ್ಲಿ ದ್ವೀಪಗಳು ಎಷ್ಟಿವೆ ಅಂದ್ರೆ ಯಾವುದಕ್ಕೆ ಹೋಗೋದು ಅಂತ ಆರಿಸೋದೇ ತಲೆನೋವಂತೆ ಅತ್ತಿಗೆ’ ಎಂದಳು. ನಕ್ಕುಬಿಟ್ಟೆ. ಗ್ರೀಸಿಗೆ ಹೋಗುವ ಯೋಗ ನಮಗೆ ಎಲ್ಲಿಂದ ಬರಬೇಕು? ಆದರೆ ತಲೆನೋವು ಮಾತ್ರ ಒಂದೇ! ನಮ್ಮ ಕರ್ನಾಟಕದ ಕರಾವಳಿಯೇ ಮುನ್ನೂರು ಕಿಲೋಮೀಟರಿಗಿಂತ ಉದ್ದ ಇದೆ. ಸೋಮೇಶ್ವರ, ಪಣಂಬೂರು, ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ... ಎಲ್ಲಿಗೆ ಅಂತ ಹೊರಡೋದು?

ಮನೆಯಲ್ಲಿ ಕೇಳಿ ನೋಡಿ. ಅತ್ತೆಗೆ ದೇವಸ್ಥಾನ ಇರಬೇಕು, ಮಕ್ಕಳಿಗೆ ನೀರು ಬೇಕು, ಇವರಿಗೆ ಖರ್ಚು ಕಮ್ಮಿ ಆಗಬೇಕು. ‘ನಿಂಗೇನು ಬೇಕು?’ ಅಂತ ಯಾರೂ ಕೇಳೋದಿಲ್ಲ. ನಾವೂ ಹೇಳೋದಿಲ್ಲ ಬಿಡಿ. ನನಗೆ ಬೇಕಾಗಿದ್ದು ಇಷ್ಟೇ. ಎರಡು ದಿನ ಒಲೆಯ ಮುಖ ನೋಡದೆ, ಯಾರು ಎಲ್ಲಿ ಹೋದರು ಎಂದು ತಲೆ ಎಣಿಸದೆ, ಸುಮ್ಮನೆ ಕೂರಬೇಕು.

ಈ ತಲೆ ಎಣಿಸುವ ಮಾತು ಸುಮ್ಮನೆ ಬಂದದ್ದಲ್ಲ. ನಾಲ್ಕು ವರ್ಷದ ಹಿಂದೆ ಹೀಗೇ ಒಂದು ಬೀಚಿಗೆ ಹೋಗಿದ್ದೆವು. ಹೆಸರು ಬೇಡ, ತಪ್ಪು ಆ ಊರಿನದಲ್ಲ, ನಮ್ಮದು. ಸಂಜೆ ಹೊತ್ತು, ಜನ ಇರಲಿಲ್ಲ, ‘ಆಹಾ ಎಷ್ಟು ಪ್ರಶಾಂತವಾಗಿದೆ’ ಅಂತ ಖುಷಿಪಟ್ಟಿದ್ದೆವು. ನಾನು ಎಲ್ಲರ ಚಪ್ಪಲಿ, ಬ್ಯಾಗು, ಅತ್ತೆಯ ಕನ್ನಡಕ ಕಾಯುತ್ತಾ ಮರಳಲ್ಲಿ ನಿಂತಿದ್ದೆ. ಇವರು ಫೋಟೊ ತೆಗೆಯುವುದರಲ್ಲಿದ್ದರು. ಮೊಣಕಾಲುದ್ದದ ನೀರಲ್ಲಿ ನಿಂತಿದ್ದ ಮಗನ ಕಾಲಡಿಯ ಮರಳು ಕುಸಿಯಿತು. ಬಿದ್ದ. ಹಿಂದಕ್ಕೆ ಹೋಗುವ ಅಲೆ ಅವನನ್ನು ಎಳೆದುಕೊಂಡು ಹೋಯಿತು. ಬಲೆ ಒಣಗಿಸುತ್ತಿದ್ದ ಒಬ್ಬ ಹಿರಿಯರು ಓಡಿ ಬಂದು ಅಂಗಿ ಹಿಡಿದು ಎಳೆದು ಹಾಕಿದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ‘ಇಲ್ಲಿ ನಾವೇ ಇಳಿಯೋದಿಲ್ಲ ಅಮ್ಮಾ, ಸೆಳೆತ ಜಾಸ್ತಿ’ ಎಂದರು ಅವರು. ಜನ ಯಾಕೆ ಇರಲಿಲ್ಲ ಅಂತ ಆಗ ಅರ್ಥವಾಯಿತು.

ಅಲ್ಲಿಂದ ಮೂರು ವರ್ಷ ನಮ್ಮ ಮನೆಯಲ್ಲಿ ಸಮುದ್ರದ ಮಾತೇ ಎತ್ತಿರಲಿಲ್ಲ. ಬೇಲೂರಿನ ಯಗಚಿ ಜಲಾಶಯದಲ್ಲಿ ದೋಣಿ ಹತ್ತಿಸಲೂ ನಾನು ಬಿಟ್ಟಿರಲಿಲ್ಲ.

ಹಾಗಾಗಿ ಈ ಸಲ ಜಾಗ ಆರಿಸುವಾಗ ಚೆಂದ ಆಮೇಲೆ, ಮೊದಲು ಮೂರು ಪ್ರಶ್ನೆ ಅಂತ ಪಟ್ಟು ಹಿಡಿದೆ. ಅಲ್ಲಿ ಲೈಫ್‌ಗಾರ್ಡ್ ಇದ್ದಾರಾ? ಬಟ್ಟೆ ಬದಲಾಯಿಸಲು, ಶೌಚಕ್ಕೆ ಹೆಂಗಸರಿಗೆ ಸರಿಯಾದ ಜಾಗ ಇದೆಯಾ? ವಯಸ್ಸಾದವರು ನಡೆದು ಹೋಗುವಷ್ಟು ಹತ್ತಿರ ಇದೆಯಾ? ಈ ಮೂರನ್ನು ಕೇಳಿದ ತಕ್ಷಣ ಪಟ್ಟಿ ಅರ್ಧ ಕರಗಿತು.

ಗೋಕರ್ಣ ಮೊದಲು ಹೋಯಿತು. ಓಂ ಬೀಚು, ಕುಡ್ಲೆ ಬೀಚು ನೋಡಲು ಬಲು ಚೆಂದ, ಹೊಸದಾಗಿ ಮದುವೆಯಾದವರಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಗುಡ್ಡ ಇಳಿದು ಹತ್ತಬೇಕು. ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಸಾಧ್ಯವಿಲ್ಲ. ಕಾರವಾರದ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು, ಜಾಗವೂ ವಿಶಾಲ, ಆದರೆ ನಮ್ಮ ಕಡೆಯಿಂದ ತುಂಬಾ ದೂರವಾಯಿತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಕಾರು ನಿಲ್ಲಿಸಿ ಕಣ್ತುಂಬ ನೋಡಿ, ಅಷ್ಟೇ. ನೀರಿಗಿಳಿಯುವ ಜಾಗ ಅದಲ್ಲ.

ಮುರುಡೇಶ್ವರ ಅತ್ತೆಯ ಆಯ್ಕೆ. 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಮೇಲೆ ಹೋಗಲು ಲಿಫ್ಟು, ಎಲ್ಲಾ ಇದೆ. ಆದರೆ 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಅಲ್ಲಿ ನೀರುಪಾಲಾದ ಸುದ್ದಿ ಓದಿದಾಗಿನಿಂದ ನನಗೆ ಆ ಹೆಸರು ಕೇಳಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ದರ್ಶನಕ್ಕೆ ಖಂಡಿತ ಹೋಗೋಣ, ನೀರಾಟ ಅಲ್ಲಿ ಬೇಡ ಎಂದೆ. ಅತ್ತೆ ಮರುಮಾತಾಡಲಿಲ್ಲ.

ಇನ್ನು ಮಲ್ಪೆ. ‘ದ್ವೀಪವೇ ಬೇಕು’ ಅನ್ನುವ ಮಕ್ಕಳಿದ್ದರೆ ಕಣ್ಣುಮುಚ್ಚಿ ಇಲ್ಲಿಗೆ ಹೋಗಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಯಾರೋ ಉಳಿ ಹಿಡಿದು ಕಡೆದು ಜೋಡಿಸಿಟ್ಟ ಹಾಗೆ ಕಂಬ ಕಂಬದ ಕಲ್ಲುಗಳು ಅಲ್ಲಿವೆ. ನಮ್ಮ ಬೇಲೂರು–ಹಳೇಬೀಡಿನ ಕಂಬ ಕಡೆದವರು ಹೊಯ್ಸಳರ ಶಿಲ್ಪಿಗಳು, ಇವನ್ನು ಕಡೆದದ್ದು ಮಾತ್ರ ಬೆಂಕಿ! ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರಿ, ಬಿರುಕು ಬಿಟ್ಟು ಹೀಗಾಯಿತಂತೆ. ಹಾಗಾಗಿಯೇ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾದಿನಿ ತೋರಿಸಿದ ಸ್ಯಾಂಟೊರಿನಿಯೂ ಜ್ವಾಲಾಮುಖಿಯಿಂದ ಆದದ್ದೇ ಎಂದು ಮಗಳು ಪುಸ್ತಕ ತೆಗೆದು ತೋರಿಸಿದಳು. ಒಂದೇ ಕುಲದ ಅಕ್ಕತಂಗಿಯರು ಅನ್ನಿ.

ಆದರೆ ದ್ವೀಪದಲ್ಲಿ ಉಳಿಯುವ ವ್ಯವಸ್ಥೆ ಇಲ್ಲ, ನೆರಳೂ ಕಡಿಮೆ. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ ಬಿಸಿಲೇರುವ ಮುಂಚೆ ವಾಪಸಾಗಬೇಕು. ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಚ್ಚು ಖಂಡಿತ ಬೇಡ. ಮಳೆಗಾಲ ಹತ್ತಿರವಾಗುತ್ತಿದ್ದಂತೆ ದೋಣಿ ನಿಲ್ಲಿಸುತ್ತಾರೆ. ಮೇ ತಿಂಗಳ ಕೊನೆಗೆ ಹೋದವರು ದಡದಿಂದಲೇ ಕೈಬೀಸಿ ಬರಬೇಕಾದೀತು. ಉಡುಪಿ ಪಕ್ಕದಲ್ಲೇ ಇರುವುದರಿಂದ ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ, ಅತ್ತೆಯವರಿಗೆ ಕೃಷ್ಣನ ದರ್ಶನವೂ ಆಯಿತು. ಸಮಯ ಇದ್ದರೆ ಕಾಪುವಿಗೂ ಹೋಗಿ ಬನ್ನಿ, ಅಲ್ಲಿನ ದೀಪಸ್ತಂಭ 1901ರದ್ದು.

ನಾವು ಕೊನೆಗೆ ಆರಿಸಿದ್ದು ಹೊನ್ನಾವರದ ಹತ್ತಿರದ ಕಾಸರಕೋಡು. ಕಾಸರಗೋಡು ಅಲ್ಲ, ಕಾಸರಕೋಡು! ನಮ್ಮವರು ಮೊದಲು ಕೇರಳದ ದಾರಿ ಹುಡುಕುತ್ತಾ ಕೂತಿದ್ದರು.

ಯಾಕೆ ಕಾಸರಕೋಡು ಅಂದರೆ, ಬ್ಲೂ ಫ್ಲ್ಯಾಗ್ ಎಂಬ ಒಂದು ಅಂತರರಾಷ್ಟ್ರೀಯ ಮಾನ್ಯತೆ ಇದೆ. ನೀರಿನ ಶುಚಿ, ಸುರಕ್ಷತೆ, ಶೌಚಾಲಯ, ಕಸ ವಿಲೇವಾರಿ ಹೀಗೆ 33 ಅಂಶ ನೋಡಿ ಕೊಡುತ್ತಾರೆ. 2020ರಲ್ಲಿ ನಮ್ಮ ದೇಶಕ್ಕೆ ಮೊದಲ ಸಲ ಎಂಟು ಬೀಚುಗಳಿಗೆ ಇದು ಸಿಕ್ಕಿತು. ಅದರಲ್ಲಿ ಎರಡು ಕರ್ನಾಟಕದವು, ಒಂದು ಉಡುಪಿ ಜಿಲ್ಲೆಯ ಪಡುಬಿದ್ರಿ, ಇನ್ನೊಂದು ಈ ಕಾಸರಕೋಡು. ಗ್ರೀಸಿನಲ್ಲಿ ಇಂಥ ಬಾವುಟ ಹಾರುವ ಬೀಚುಗಳು ನೂರಾರು ಇವೆಯಂತೆ. ನಮಗೆ ಎರಡಾದರೂ ಇವೆಯಲ್ಲ, ಸಂತೋಷ ಪಡೋಣ. ಈ ಮಾನ್ಯತೆಯನ್ನು ವರ್ಷ ವರ್ಷವೂ ನವೀಕರಿಸಬೇಕು, ಆದ್ದರಿಂದ ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

ಇನ್ನೊಂದು ಕಾರಣ ಕೇಳಿದರೆ ನಮ್ಮೂರಿನವರೇ ಬೆರಗಾಗುತ್ತಾರೆ. ಅರಸೀಕೆರೆಯ ಮೂಲಕ ಹಾದುಹೋಗುವ ಹೆದ್ದಾರಿಯನ್ನೇ, ನಾವೆಲ್ಲ 206 ಅಂತ ಕರೆಯುತ್ತಿದ್ದ ರಸ್ತೆಯನ್ನೇ ಹಿಡಿದು ಕಡೂರು, ಶಿವಮೊಗ್ಗ, ಸಾಗರ ದಾಟಿ ಸುಮ್ಮನೆ ಮುಂದೆ ಹೋದರೆ ಅದು ಮುಟ್ಟೋದು ಹೊನ್ನಾವರವನ್ನೇ. ದಿನಾ ತರಕಾರಿಗೆ ದಾಟುವ ರಸ್ತೆಯ ಇನ್ನೊಂದು ತುದಿಯಲ್ಲಿ ಸಮುದ್ರ ಇತ್ತು ನೋಡಿ! ಮಕ್ಕಳಿದ್ದರೆ ಇಡೀ ಒಂದು ಹಗಲು ಬೇಕು. ರೈಲೇ ಇಷ್ಟ ಅನ್ನುವವರಿಗೆ ಮೈಸೂರು–ತಾಳಗುಪ್ಪ ರೈಲು ನಮ್ಮ ಜಂಕ್ಷನ್ ಮೂಲಕವೇ ಹೋಗುತ್ತದೆ, ತಾಳಗುಪ್ಪದಿಂದ ಮುಂದೆ ಬಸ್ಸೋ ಟ್ಯಾಕ್ಸಿಯೋ. ಮಲ್ಪೆ, ಪಡುಬಿದ್ರಿ ಕಡೆ ಹೋಗುವವರು ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಇಳಿಯಬಹುದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ. ಆದರೆ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಘಾಟಿ ಇಳಿದ ಮೇಲೆಯೇ ತಿಂಡಿ! ಕೈಯಲ್ಲಿ ನಿಂಬೆಹಣ್ಣು ಇರಲಿ.

ಯಾವಾಗ ಹೋಗಬೇಕು ಅನ್ನೋದೂ ಮುಖ್ಯ. ಏಪ್ರಿಲ್ ಎರಡನೇ ವಾರ ರಜೆ ಶುರುವಾದ ಕೂಡಲೇ ಹೊರಟುಬಿಡಿ. ಮೇ ಮಧ್ಯದ ನಂತರ ಕಡಲು ಒರಟಾಗುತ್ತಾ ಬರುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮತ್ತೆ ಅಲ್ಲಿನ ಸೆಕೆ ನಮ್ಮ ಒಣಬಿಸಿಲಿನ ಹಾಗಲ್ಲ, ನಿಂತಲ್ಲೇ ಬೆವರು ಇಳಿಯುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆ ಮೇಲೆ ಮಾತ್ರ ಬೀಚು. ನಡುವೆ ಊಟ, ಫ್ಯಾನಿನ ಕೆಳಗೆ ನಿದ್ದೆ. ತೆಂಗಿನ ಸೀಮೆಯವರಾದ ನಮಗೆ ದುಡ್ಡು ಕೊಟ್ಟು ಎಳನೀರು ಕುಡಿಯೋದು ಸಂಕಟವೇ. ಆದರೂ ಕುಡಿಯಿರಿ!

ರೂಮು ಬುಕ್ ಮಾಡುವಾಗ ‘ಮೇಡಂ, ಅಡುಗೆಮನೆ ಕೂಡ ಇದೆ, ನೀವೇ ಮಾಡ್ಕೋಬಹುದು’ ಅಂತ ಒಬ್ಬರು ಆಸೆ ತೋರಿಸಿದರು. ಇವರ ಮುಖ ಅರಳಿತು, ಖರ್ಚು ಉಳಿಯಿತಲ್ಲ! ನಾನು ಬೇಡವೇ ಬೇಡ ಎಂದೆ. ಅಡುಗೆಮನೆ ಇದ್ದ ಕಡೆ ನಾವೇ ಹೋಗಿ ನಿಲ್ಲುತ್ತೇವೆ, ಅದು ನಮ್ಮ ಕಾಯಿಲೆ. ಊಟ ಹಾಕುವ ಹೋಂಸ್ಟೇ ಇದ್ದರೆ ನೋಡಿ, ಐನೂರು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ.

ಬಟ್ಟೆಯ ವಿಷಯ ನಾಚಿಕೆ ಬಿಟ್ಟು ಹೇಳುತ್ತೇನೆ. ಸೀರೆ ಉಟ್ಟು ಅಲೆಗೆ ಇಳಿಯಬೇಡಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಏಳಲಾಗುವುದಿಲ್ಲ. ವೇಲ್ ಇಲ್ಲದ ಚೂಡಿದಾರ್, ಇಲ್ಲವೇ ಟೀ ಶರ್ಟು–ಲೆಗ್ಗಿಂಗ್ಸ್ ಸಾಕು. ಬಣ್ಣ ಗಾಢವಾಗಿರಲಿ. ಚಿನ್ನದ ಸರ ಮನೆಯಲ್ಲೇ ಇಟ್ಟು ಅರಿಶಿನ ದಾರದಲ್ಲಿ ತಾಳಿ ಕಟ್ಟಿಕೊಳ್ಳಿ, ಉಂಗುರವೂ ಬೇಡ. ತಿಂಗಳ ದಿನ ಲೆಕ್ಕ ಹಾಕಿ ತಾರೀಕು ಗೊತ್ತುಮಾಡಿ. ಮಗಳು ದೊಡ್ಡವಳಾಗಿದ್ದರೆ ಅವಳದ್ದೂ ಕೇಳಿ, ಅವಳಾಗಿ ಹೇಳುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಲೈಫ್‌ಗಾರ್ಡ್ ಗುರುತು ಮಾಡಿದ ಜಾಗ ಬಿಟ್ಟು ಆಚೆ ಈಚೆ ಹೋಗಬೇಡಿ. ಕೆಂಪು ಬಾವುಟ ಇದ್ದರೆ ಪಾದವೂ ಇಳಿಸಬೇಡಿ. ಅಲೆ ಒಡೆಯುವ ಕಡೆ ಭಯ, ಅಲೆ ಇಲ್ಲದೆ ಸಪಾಟಾಗಿ ಕಾಣುವ ಕಡೆ ಕ್ಷೇಮ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಇದು ಉಲ್ಟಾ. ಆ ಸಪಾಟು ಪಟ್ಟಿಯಲ್ಲೇ ನೀರು ಒಳಕ್ಕೆ ಎಳೆಯುತ್ತಿರಬಹುದು. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೇ ಗುದ್ದಾಡಬಾರದು, ಸುಸ್ತಾಗಿ ಮುಳುಗುತ್ತಾರೆ. ಅಂಗಾತ ತೇಲುತ್ತಾ ಕೈಯೆತ್ತಿ ಕೂಗಬೇಕು, ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತ ತಪ್ಪಿಸಿಕೊಳ್ಳಬೇಕು. ದಡದಲ್ಲಿರುವ ನಾವು ಹಿಂದೆಯೇ ಹಾರಬಾರದು. ತೇಲುವಂಥದ್ದೇನಾದರೂ ಎಸೆಯಿರಿ, ಖಾಲಿ ನೀರಿನ ಕ್ಯಾನ್ ಆದರೂ ಸರಿ, ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಮತ್ತೆ ಮಕ್ಕಳು ನೀರಲ್ಲಿರುವಾಗ ಒಬ್ಬರ ಕೆಲಸ ಬರೀ ನೋಡುವುದು. ಫೋಟೊ ಇಲ್ಲ, ಮೊಬೈಲ್ ಇಲ್ಲ. ಅರ್ಧ ಗಂಟೆ ಅವರು, ಅರ್ಧ ಗಂಟೆ ನಾನು ಅಂತ ಮನೆಯಿಂದಲೇ ಒಪ್ಪಂದ ಮಾಡಿಕೊಂಡು ಹೊರಟಿದ್ದೆವು.

ಕಾಸರಕೋಡಿನಲ್ಲಿ ಎರಡು ದಿನ ಇದ್ದೆವು. ಒಂದು ಬೆಳಿಗ್ಗೆ ಅತ್ತೆಯನ್ನು ಇಡಗುಂಜಿ ಗಣಪತಿಗೆ ಕರೆದುಕೊಂಡು ಹೋಗಿ ಬಂದೆವು. ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಹಲಗೆ ಹಾಸಿದ ಕಾಲುದಾರಿ ಇದೆ, ಅಲ್ಲಿ ಅವರೂ ನಿಧಾನಕ್ಕೆ ನಡೆದರು. ಕಿಚನ್ನಿನ ಚಿಂತೆ ಇಲ್ಲದೆ ಅವರನ್ನು ಅಷ್ಟು ಹೊತ್ತು ನಾನು ನೋಡಿದ್ದೇ ಇಲ್ಲ. ‘ಈ ಮರಕ್ಕೆ ಬೇರು ಮೇಲೆ ಯಾಕಿದೆ ಕೇಳೇ’ ಅಂತ ಮಗುವಿನ ಹಾಗೆ ಪ್ರಶ್ನೆ ಬೇರೆ.

ಎರಡನೇ ಸಂಜೆ ಮಗ ಮೊಣಕಾಲಿನವರೆಗೆ ನೀರಲ್ಲಿ ನಿಂತಿದ್ದ. ಲೈಫ್‌ಗಾರ್ಡ್ ಹತ್ತು ಹೆಜ್ಜೆ ಆಚೆಗೇ ಇದ್ದರು. ನಾನು ಎಂದಿನ ಹಾಗೆ ಬ್ಯಾಗು, ಚಪ್ಪಲಿ ಹಿಡಿದು ಮರಳಲ್ಲಿ. ಅವನು ತಿರುಗಿ, ‘ಅಮ್ಮಾ, ನೀನು ಬರಲ್ವಾ?’ ಎಂದ. ಅದು ಇವರ ಅರ್ಧ ಗಂಟೆ. ಗಡಿಯಾರ ನೋಡಿದೆ, ಇನ್ನೂ ಇಪ್ಪತ್ತು ನಿಮಿಷ ಇತ್ತು. ಬ್ಯಾಗನ್ನು ಅತ್ತೆಯ ತೊಡೆಯ ಮೇಲಿಟ್ಟು ಹೋದೆ.