ಮೋಟಾರು ಸೈಕಲಿನ ಹೊಗೆಕೊಳವೆ

ನೆರಿಯದ ಕಡೆಯ ಏರುದಾರಿಗಳಲ್ಲಿ ಹಳೆಯ ಯೆಜ್ದಿ ಮೋಟಾರು ಸೈಕಲೊಂದು ಬರುವಾಗ, ಅದು ಕಣ್ಣಿಗೆ ಕಾಣುವ ಮೊದಲೇ ಅದರ ಧ್ವನಿಯು ಕಿವಿಗೆ ಬೀಳುವುದು. ಧ್ವನಿ ಹೆಚ್ಚಿದರೆ ಬಲವೂ ಹೆಚ್ಚುವುದೆಂದೆಣಿಸಿ ಕೆಲವು ತರುಣರು ಸೈಲೆನ್ಸರನ್ನು ಕೊಯ್ಯಿಸಿ ಮೋಟು ಮಾಡಿಸುವುದುಂಟು. ಇದು ತಪ್ಪು ತಿಳುವಳಿಕೆಯಾಗಿದೆ. ಕಾರಣವನ್ನು ತಾಯಂದಿರೂ ಸೋದರಿಯರೂ ಅರಿತಿರುವುದು ಒಳ್ಳೆಯದು.

ಈ ಗಾಡಿಗಳು ನಮ್ಮ ನಾಡಿನವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961 ರಿಂದ 1996 ರ ವರೆಗೆ ಇವುಗಳನ್ನು ನಿರ್ಮಿಸಿತು. ಜಾವಾ ಎಂಬ ಹೆಸರು 1973 ರಲ್ಲಿ ಯೆಜ್ದಿ ಎಂದಾಯಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳಿರುವುದು ಇವುಗಳ ಗುರುತು.

ಟೂ-ಸ್ಟ್ರೋಕ್ ಇಂಜಿನಿನಲ್ಲಿ ಹೊಗೆಯ ದಾರಿಗೆ ಬೇರೆ ಕವಾಟವಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನೇ ತೆರೆದು ಮುಚ್ಚುವುದು. ಸುಟ್ಟ ಹೊಗೆ ಹೊರಡುವಾಗಲೇ ಹೊಸ ಪೆಟ್ರೋಲು ಮಿಶ್ರಣವು ಒಳಬರುವುದರಿಂದ, ಅದರಲ್ಲಿ ಒಂದಂಶವು ಉರಿಯದೆಯೇ ಹೊಗೆಯೊಡನೆ ಹೊರಟುಹೋಗುವುದು. ಈ ನಷ್ಟವನ್ನು ತಡೆಯುವುದೇ ಕೊಳವೆಯ ಮುಖ್ಯ ಕೆಲಸ.

ಬಾವಿಗೆ ಬಾಗಿ ಕೂಗಿದರೆ ಕೂಗು ಮರಳಿ ಬರುವುದಷ್ಟೆ? ಹಾಗೆಯೇ ಕಿಂಡಿ ತೆರೆದೊಡನೆ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುವುದು. ಕೊಳವೆಯು ಅಗಲವಾಗುವಲ್ಲಿ ಅದು ಸೆಳೆತವಾಗಿ ಮರಳಿ, ಉಳಿದ ಹೊಗೆಯನ್ನು ಹೊರಗೆಳೆಯುವುದು. ಮುಂದೆ ಕಿರಿದಾಗುವಲ್ಲಿ ಒತ್ತಡವಾಗಿಯೇ ಮರಳಿ, ಹೊರಬಿದ್ದ ಮಿಶ್ರಣವನ್ನು ಪುನಃ ಒಳಕ್ಕೆ ತಳ್ಳುವುದು.

ಲೆಕ್ಕವು ಸರಳ. ನಿಮಿಷಕ್ಕೆ 6000 ಸುತ್ತಾದರೆ ಒಂದು ಸುತ್ತಿಗೆ ಸೆಕೆಂಡಿನ 100 ರಲ್ಲೊಂದು ಭಾಗ. ಕಿಂಡಿಯು 360 ಅಂಶಗಳಲ್ಲಿ 160 ಅಂಶ ತೆರೆದಿದ್ದರೆ, ಆ ಕಾಲವು ಸೆಕೆಂಡಿನ ಸಾವಿರದಲ್ಲಿ ಸುಮಾರು 4.4 ಭಾಗ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಆದುದರಿಂದ ಅದು 2.2 ಮೀಟರ್ ಕ್ರಮಿಸುವುದು. ಹೋಗಿ ಬರಬೇಕಾದುದರಿಂದ ಕೊಳವೆಯ ಉದ್ದ ಸುಮಾರು 1.1 ಮೀಟರ್. ವೇಗ ಬದಲಾದರೆ ಅಲೆಯು ಹೊತ್ತು ತಪ್ಪುವುದು. ಆದಕಾರಣ ಪಂದ್ಯದ ಗಾಡಿಯ ಕೊಳವೆಯು ಘಾಟಿ ಹತ್ತುವ ಗಾಡಿಗೆ ಒಗ್ಗದು.

ಪೂರ್ವ ಜರ್ಮನಿಯ ಎಮ್.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನನು ಈ ವಿದ್ಯೆಯನ್ನು ಬೆಳೆಸಿ, 1961 ರ ಹೊತ್ತಿಗೆ 125 ಸಿ.ಸಿ. ಇಂಜಿನಿನಿಂದ 25 ಅಶ್ವಶಕ್ತಿಯನ್ನು ಪಡೆದನು.

ತುದಿಯ ಸಣ್ಣ ನಳಿಕೆಗೂ ಅಳತೆಯುಂಟು. ಅದು ತೀರ ಕಿರಿದಾದರೆ ಶಾಖವು ಒಳಗೇ ನಿಂತು ಪಿಸ್ಟನು ಕರಗೀತು. ತೀರ ಅಗಲವಾದರೆ ಮರಳುವ ಅಲೆಯು ದುರ್ಬಲವಾದೀತು. ಕೊಳವೆಯನ್ನು ಕೊಯ್ದವನು ಅಲೆಯ ದಾರಿಯನ್ನೇ ಕೊಯ್ದಂತೆ: ಸದ್ದು ಹೆಚ್ಚಿ, ಏರಿನಲ್ಲಿ ಬಲ ಕುಂದಿ, ಪೆಟ್ರೋಲು ವ್ಯರ್ಥವಾಗಿ, ಉರಿಯದ ಎಣ್ಣೆಯ ಹೊಗೆಯು ಹಿಂದೆ ಬರುವವರ ಉಸಿರನ್ನು ಸೇರುವುದು. ಇಂಥ ಹೊಗೆಯ ದೋಷದಿಂದಲೇ ಟೂ-ಸ್ಟ್ರೋಕ್ ಗಾಡಿಗಳು ಹಿಂದೆ ಸರಿದವು. 2018 ರಲ್ಲಿ ಮರಳಿ ಬಂದ ಜಾವಾಗೆ ಫೋರ್-ಸ್ಟ್ರೋಕ್ ಇಂಜಿನನ್ನೇ ಇಟ್ಟರು.

ಹಳೆಯ ಗಾಡಿಯು ಏರಿನಲ್ಲಿ ಸೋತರೆ, ಮೊದಲು ಸೈಲೆನ್ಸರಿನೊಳಗೆ ಕಟ್ಟಿದ ಎಣ್ಣೆಮಸಿಯನ್ನು ತೆಗೆಯಿಸಿರಿ. ಅನೇಕ ವೇಳೆ ಅಷ್ಟೇ ಸಾಕಾಗುವುದು. ಗರಗಸದ ಅವಶ್ಯವೇ ಬೀಳದು.